ಒಂಬತ್ತು ಕೆಜಿ ಇಳಿಸಿದ ಓಟಗಾರರು ಎರಡು ಕೆಜಿ ಮರಳಿ ಏರಿಸಿಕೊಂಡದ್ದೇಕೆ?

ಅವರು ಮೊದಲ ಸಲ ನನ್ನ ಬಳಿ ಬಂದಾಗ ಕೈಯಲ್ಲೊಂದು ಹಳೆಯ ನೋಟ್‌ಬುಕ್ ಇತ್ತು. ಹದಿನೈದು ವರ್ಷದ ಓಟದ ದಿನಚರಿ. ಆರಂಭದ ಪುಟಗಳಲ್ಲಿ ದೂರ, ಸಮಯ, ಆ ದಿನ ಕಾಲು ಹೇಗಿತ್ತು ಎಂಬ ಒಂದೆರಡು ಮಾತು. ಪುಟ ತಿರುವುತ್ತ ಹೋದಂತೆ ಆ ಮಾತುಗಳು ಕಡಿಮೆಯಾಗಿ, ಕೊನೆಯ ಎರಡು ವರ್ಷದಲ್ಲಿ ಬರೀ ದೂರ ಉಳಿದಿತ್ತು. ಸಮಯದ ಕಾಲಂ ಖಾಲಿ.

"ಬರೆದ್ರೆ ಬೇಜಾರಾಗುತ್ತೆ ಸರ್. ವಯಸ್ಸಾಯ್ತಲ್ಲ, ಇನ್ನು ಇಷ್ಟೇ" ಅಂದರು. ಆಗ ಅವರಿಗೆ 55.

ನಲವತ್ತು ದಾಟಿದ ಓಟಗಾರರಿಗೆ ತರಬೇತಿ ಕೊಡುವ ನನಗೆ ಈ ಮಾತು ಹೊಸದಲ್ಲ. ಟೈಮಿಂಗ್ ಇಳಿದದ್ದಕ್ಕೆಲ್ಲ ವಯಸ್ಸೇ ಕಾರಣ ಅನ್ನುವವರು ಒಂದು ಕಡೆ, ತೂಕ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಇನ್ನೊಂದು ಕಡೆ. ಈ ಓಟಗಾರರು ಒಂದೂವರೆ ವರ್ಷದಲ್ಲಿ ಎರಡೂ ದಡ ಮುಟ್ಟಿ ಬಂದರು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಪ್ರಕರಣವನ್ನು ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ. ನನ್ನಿಂದಾದ ಒಂದು ತಪ್ಪೂ ಇದರಲ್ಲಿದೆ. ಅದು ಮರೆಮಾಚುವಂಥದ್ದಲ್ಲ, ಯಾಕೆಂದರೆ ಅದೇ ತಪ್ಪು ಬಹಳ ಕಡೆ ನಡೆಯುತ್ತಿದೆ.

ಹನ್ನೊಂದು ನಿಮಿಷ ಎಲ್ಲಿ ಹೋಯಿತು

ನಲವತ್ತನೇ ವಯಸ್ಸಿನಲ್ಲಿ ಅವರ ಎತ್ತರ 172 ಸೆಂ.ಮೀ., ತೂಕ 66 ಕೆಜಿ, 10 ಕಿ.ಮೀ. ಓಟಕ್ಕೆ ತೆಗೆದುಕೊಂಡ ಸಮಯ ಸರಿಯಾಗಿ 40 ನಿಮಿಷ. ಐವತ್ತೈದರಲ್ಲಿ ತೂಕ 76 ಕೆಜಿ, ಅದೇ ದೂರಕ್ಕೆ 51 ನಿಮಿಷ 20 ಸೆಕೆಂಡ್. ಹನ್ನೊಂದು ನಿಮಿಷಕ್ಕೂ ಹೆಚ್ಚು ಕಳೆದುಹೋಗಿದೆ. ಇದರಲ್ಲಿ ವಯಸ್ಸಿನ ಪಾಲೆಷ್ಟು, ತೂಕದ ಪಾಲೆಷ್ಟು? ಸುಮ್ಮನೆ ಊಹಿಸುವ ಬದಲು ಲೆಕ್ಕ ಹಾಕಿ ನೋಡೋಣ ಎಂದು ಕೂತೆವು.

ಹಿರಿಯ ಓಟಗಾರರಿಗೆ ವಯೋಮಾನ ಕೋಷ್ಟಕಗಳಿವೆ. ಪ್ರತಿ ವಯಸ್ಸಿನಲ್ಲೂ ಜಗತ್ತಿನ ಅತ್ಯುತ್ತಮ ಓಟಗಾರರು ಓಡಿದ ಸಮಯಗಳ ಮೇಲೆ ಕಟ್ಟಿದ ಕೋಷ್ಟಕಗಳಿವು. ನಿಮ್ಮ ವಯಸ್ಸಿಗೆ ಇಷ್ಟು ನಿಧಾನವಾಗುವುದು ಸಹಜ ಎಂದು ಹೇಳುತ್ತವೆ. ಗಂಡಸರ 10 ಕಿ.ಮೀ. ಓಟದಲ್ಲಿ 40ರಿಂದ 55ಕ್ಕೆ ಬರುವಾಗ ಸುಮಾರು ಶೇ. 12-13 ಸಮಯ ಹೆಚ್ಚುತ್ತದೆ. ಆ ಲೆಕ್ಕದಲ್ಲಿ ಇವರ 40 ನಿಮಿಷ 45ರ ಆಸುಪಾಸಿಗೆ ಬರಬೇಕಿತ್ತು. ಉಳಿದ ಆರು ನಿಮಿಷಕ್ಕೆ ವಯಸ್ಸಿನ ಹತ್ತಿರ ಉತ್ತರವಿಲ್ಲ.

ಈ ಕೋಷ್ಟಕದ ಒಂದು ಗುಣವನ್ನು ಗಮನಿಸಬೇಕು. ದಾಖಲೆ ಮಾಡುವವರು ಐವತ್ತೈದರಲ್ಲೂ ತೆಳ್ಳಗೇ ಇರುತ್ತಾರೆ. ಹಾಗಾಗಿ ಕೋಷ್ಟಕ ವಯಸ್ಸಿಗೆ ರಿಯಾಯಿತಿ ಕೊಡುತ್ತದೆಯೇ ಹೊರತು ತೂಕಕ್ಕೆ ಕೊಡುವುದಿಲ್ಲ. ಒಬ್ಬನೇ ಓಟಗಾರನ ವಯೋಮಾನ ಶೇಕಡಾವಾರು (ಅವನ ವಯಸ್ಸಿನ ಅತ್ಯುತ್ತಮ ಸಮಯಕ್ಕೆ ಹೋಲಿಸಿ ಸಿಗುವ ಅಂಕ) ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ವಯಸ್ಸಲ್ಲದ ಇನ್ನೇನೋ ಸೇರಿಕೊಂಡಿದೆ ಎಂದೇ ಅರ್ಥ. ನನ್ನ ಮಟ್ಟಿಗೆ ಇದು ಹಿರಿಯ ಓಟಗಾರರ ಹತ್ತಿರ ಇರುವ ಅತ್ಯಂತ ಪ್ರಾಮಾಣಿಕ ಕನ್ನಡಿ.

ಇನ್ನು ತೂಕ. ಓಡುವಾಗ ದೇಹ ಒಂದು ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದೇ ವಿಓ2 ಮ್ಯಾಕ್ಸ್. ಓಟದ ವಿಚಾರದಲ್ಲಿ ಅದನ್ನು ದೇಹದ ತೂಕದಿಂದ ಭಾಗಿಸಿ, ಪ್ರತಿ ಕೆಜಿಗೆ ಇಷ್ಟು ಮಿಲಿಲೀಟರ್ ಎಂದು ಹೇಳುತ್ತೇವೆ. ಭಾಗಿಸುವ ಸಂಖ್ಯೆ ದೊಡ್ಡದಾದರೆ ಉತ್ತರ ಚಿಕ್ಕದಾಗುತ್ತದೆ. ಎಂಜಿನ್ ಅದೇ ಇದ್ದರೂ ಹೊರೆ ಹೆಚ್ಚಿತು. ಓಟದ ಸಮಯದಿಂದ ಈ ಸಂಖ್ಯೆಯನ್ನು ಅಂದಾಜು ಮಾಡಲು ಅಮೆರಿಕದ ಓಟದ ತರಬೇತುದಾರ ಜಾಕ್ ಡೇನಿಯಲ್ಸ್ ರೂಪಿಸಿದ ವಿಡಾಟ್ ಕೋಷ್ಟಕವನ್ನು ತರಬೇತುದಾರರೆಲ್ಲ ಬಳಸುತ್ತೇವೆ. ಅದರಲ್ಲಿ 40 ನಿಮಿಷಕ್ಕೆ 52, 45 ನಿಮಿಷಕ್ಕೆ ಹತ್ತಿರಹತ್ತಿರ 45, ಇವರ ಈಗಿನ 51:20ಕ್ಕೆ 39ರ ಆಸುಪಾಸು.

ಈಗ ನೋಡಿ. ವಯಸ್ಸಿನ ಪಾಲು ಕಳೆದ ಮೇಲೆ ಉಳಿದದ್ದು 45. ಅದು 66 ಕೆಜಿಯ ದೇಹಕ್ಕೆ. ಅದೇ ಎಂಜಿನ್ 76 ಕೆಜಿ ಹೊತ್ತರೆ 45ನ್ನು 66ರಿಂದ ಗುಣಿಸಿ 76ರಿಂದ ಭಾಗಿಸಬೇಕು. ಉತ್ತರ 39. ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಈ ಲೆಕ್ಕ ಮಾಡಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹದಿನೈದು ವರ್ಷದಲ್ಲಿ ಕಳೆದ ಹನ್ನೊಂದು ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹತ್ತು ಕೆಜಿಯ ಬಾಬತ್ತು.

ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದರೆ ನನಗೆ ಅನುಮಾನ ಹೆಚ್ಚು. ವಯಸ್ಸಿನ ಪಾಲು ಎಂದು ಬರೆದದ್ದೆಲ್ಲ ವಯಸ್ಸಿನದೇ ಅಲ್ಲ. ನಲವತ್ತರಲ್ಲಿ ಅವರು ವಾರಕ್ಕೆ 65 ಕಿ.ಮೀ. ಓಡುತ್ತಿದ್ದರು, ಅದರಲ್ಲಿ ಒಂದು ದಿನ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರು ಓಟ), ಒಂದು ದಿನ ಟೆಂಪೋ (ಬಿಡುವಿಲ್ಲದೆ ಒಂದೇ ಚುರುಕು ಗತಿಯ ಓಟ). ಐವತ್ತೈದರಲ್ಲಿ 35 ಕಿ.ಮೀ., ಎಲ್ಲವೂ ಒಂದೇ ನಿಧಾನ ಗತಿಯಲ್ಲಿ. ಎದೆಬಡಿತದ ಗರಿಷ್ಠ ಮಿತಿ ವಯಸ್ಸಿನೊಂದಿಗೆ ಇಳಿಯುವುದು ನಿಜ. 208ರಿಂದ ವಯಸ್ಸಿನ ಶೇ. 70ರಷ್ಟು ಕಳೆಯುವ ಸೂತ್ರದಂತೆ 40ಕ್ಕೆ 180 ಇದ್ದದ್ದು 55ಕ್ಕೆ 169-170 ಆಗುತ್ತದೆ. ಇದನ್ನು ಯಾವ ತರಬೇತಿಯೂ ತಡೆಯಲಾರದು. ಆದರೆ ಲೀಟರ್ ಲೆಕ್ಕದಲ್ಲಿ ಇವರ ಎಂಜಿನ್ ಸುಮಾರು 3.4ರಿಂದ 3 ಲೀಟರಿಗೆ ಇಳಿದಿತ್ತು, ಅಂದರೆ ದಶಕಕ್ಕೆ ಶೇ. 9ರ ಹತ್ತಿರ. ವ್ಯಾಯಾಮವೇ ಇಲ್ಲದವರಲ್ಲಿ ದಶಕಕ್ಕೆ ಶೇ. 10ರಷ್ಟು ಇಳಿಯುತ್ತದೆ, ಗಟ್ಟಿ ತರಬೇತಿ ಮುಂದುವರಿಸಿದವರಲ್ಲಿ ಇಳಿತ ಅದಕ್ಕಿಂತ ಸಾಕಷ್ಟು ಕಡಿಮೆ. ಹಾಗಾಗಿ ವಯಸ್ಸಿನ ಖಾತೆಯೊಳಗೂ ಮರಳಿ ಪಡೆಯಬಹುದಾದ ಒಂದಿಷ್ಟು ಬಾಕಿ ಇತ್ತು.

ಹತ್ತು ಕೆಜಿ ಹೇಗೆ ಸೇರಿತು ಎಂದು ಅವರಿಗೇ ಗೊತ್ತಿರಲಿಲ್ಲ. ಗೊತ್ತಾಗುವಂತೆಯೂ ಇರಲಿಲ್ಲ. ಒಂದು ಕೆಜಿ ಕೊಬ್ಬೆಂದರೆ ಸುಮಾರು 7,700 ಕಿಲೋಕ್ಯಾಲೊರಿ. ಹತ್ತು ಕೆಜಿಯನ್ನು ಹದಿನೈದು ವರ್ಷಕ್ಕೆ ಹಂಚಿದರೆ ದಿನಕ್ಕೆ ಸಿಗುವುದು 14. ಓಡುವ ದೇಹ ಪ್ರತಿ ಕಿಲೋಮೀಟರಿಗೆ ಪ್ರತಿ ಕೆಜಿಗೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲೊರಿ ಖರ್ಚು ಮಾಡುತ್ತದೆ. ಹಾಗಾದರೆ ಆ 14 ಎಂದರೆ ಕೇವಲ 200 ಮೀಟರ್ ಓಟ. ದಿನಕ್ಕೆ ಅರ್ಧ ಸುತ್ತು ಟ್ರ್ಯಾಕ್! ದೇಹ ಭಾರವಾದಂತೆ ಅದರ ಖರ್ಚೂ ಏರುವುದರಿಂದ ನಿಜವಾದ ಲೆಕ್ಕ ಇಷ್ಟು ಸರಳವಲ್ಲ, ಆದರೆ ಎಷ್ಟು ಸದ್ದಿಲ್ಲದೆ ತೂಕ ಏರುತ್ತದೆ ಎನ್ನಲು ಇಷ್ಟು ಸಾಕು.

ಓಟ ಬಿಡದಿದ್ದರೂ ತೂಕ ಏರುತ್ತದೆ ಎಂಬುದು ಹಲವರಿಗೆ ನಂಬಲಾಗದ ಮಾತು. ಅಮೆರಿಕದ ಸಾವಿರಾರು ಓಟಗಾರರನ್ನು ಅಧ್ಯಯನ ಮಾಡಿದ ಪಾಲ್ ವಿಲಿಯಮ್ಸ್ 1997ರಲ್ಲಿ ಇದನ್ನೇ ತೋರಿಸಿದರು. ವಾರಕ್ಕೆ ಅಷ್ಟೇ ದೂರ ಓಡುತ್ತಿದ್ದವರಲ್ಲೂ ವಯಸ್ಸಾದವರ ತೂಕ ಮತ್ತು ಸೊಂಟದಳತೆ ಹೆಚ್ಚಿತ್ತು. ಅದನ್ನು ಓಟದಿಂದಲೇ ಸರಿದೂಗಿಸಬೇಕಾದರೆ ಪ್ರತಿ ವರ್ಷ ವಾರದ ದೂರಕ್ಕೆ ಸುಮಾರು 2.2 ಕಿ.ಮೀ. ಸೇರಿಸುತ್ತ ಹೋಗಬೇಕೆಂದು ಅವರ ಲೆಕ್ಕ. ಹದಿನೈದು ವರ್ಷಕ್ಕೆ ವಾರದ ದೂರ 33 ಕಿ.ಮೀ. ಹೆಚ್ಚಬೇಕಾಗುತ್ತದೆ. ನಮ್ಮ ಓಟಗಾರರು 30 ಕಿ.ಮೀ. ಕಡಿಮೆ ಮಾಡಿದ್ದರು. ನಲವತ್ತು ದಾಟಿದ ಮೇಲೆ ಮೆಟಬಾಲಿಸಂ ನಿಧಾನವಾಗುತ್ತದೆ ಎಂಬ ಸಮಾಧಾನವೂ ಅವರಿಗಿತ್ತು. 2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಪ್ರಕಟಿಸಿದ ದೊಡ್ಡ ಅಧ್ಯಯನ ಅದನ್ನೂ ಕಿತ್ತುಕೊಂಡಿತು. ಕೊಬ್ಬಿಲ್ಲದ ದೇಹಭಾಗದ ತೂಕಕ್ಕೆ ಹೋಲಿಸಿ ನೋಡಿದರೆ 20ರಿಂದ 60ರವರೆಗೆ ದೇಹದ ಶಕ್ತಿಯ ಖರ್ಚು ಹೆಚ್ಚುಕಡಿಮೆ ಸ್ಥಿರ. ನಿಜವಾದ ಇಳಿತ ಶುರುವಾಗುವುದು ಅರವತ್ತರ ನಂತರ. ಆ ಮೊದಲೇ ಸ್ನಾಯು ಕರಗಿದ್ದರೆ ಖರ್ಚು ಕಡಿಮೆಯಾಗುತ್ತದೆ, ಅದು ಬೇರೆ ಮಾತು. ಆ ಬೇರೆ ಮಾತೇ ಮುಂದೆ ಈ ಪ್ರಕರಣದ ತಿರುಳಾಯಿತು.

ಮೊದಲ ಐದು ಕೆಜಿ

ಹದಿನಾರು ವಾರಗಳಲ್ಲಿ ಐದು ಕೆಜಿ ಇಳಿಯಿತು. ಊಟದ ಪ್ರಮಾಣ ಸ್ವಲ್ಪ ಕಡಿಮೆ ಮಾಡಿದರು, ವಾರದ ದೂರವನ್ನು ನಿಧಾನವಾಗಿ 35ರಿಂದ 48 ಕಿ.ಮೀ.ಗೆ ಏರಿಸಿದೆವು, ವಾರಕ್ಕೊಂದು ದಿನ ವೇಗದ ಅಭ್ಯಾಸ ಸೇರಿಸಿದೆವು. 71 ಕೆಜಿಯಲ್ಲಿ ಅವರು ಓಡಿದ 10 ಕಿ.ಮೀ.: 48 ನಿಮಿಷ 5 ಸೆಕೆಂಡ್. ಬರೀ ತೂಕದ ಲೆಕ್ಕದಲ್ಲಿ ಬರಬೇಕಿದ್ದದ್ದೂ 48ರ ಹತ್ತಿರವೇ.

1978ರಲ್ಲಿ ಕಿರ್ಕ್ ಕ್ಯೂರ್ಟನ್ ಮತ್ತು ಸಂಗಡಿಗರು ಇದನ್ನೇ ತಿರುಗಿಸಿ ಪರೀಕ್ಷಿಸಿದ್ದರು. ಓಟಗಾರರ ಮೈಗೆ ಹೆಚ್ಚುವರಿ ಭಾರ ಕಟ್ಟಿ ಓಡಿಸಿದರು. ಲೀಟರ್ ಲೆಕ್ಕದ ಆಮ್ಲಜನಕದ ಬಳಕೆ ಬದಲಾಗಲಿಲ್ಲ, ಆದರೆ ದೇಹತೂಕದ ಪ್ರತಿ ಶೇ. 5ರಷ್ಟು ಹೆಚ್ಚುವರಿ ಭಾರಕ್ಕೆ 12 ನಿಮಿಷದಲ್ಲಿ ಓಡುವ ದೂರ ಸರಾಸರಿ 90 ಮೀಟರಿನಷ್ಟು ತಗ್ಗಿತು. ಇಂಥ ಭಾರ ಉಸಿರಾಡುವುದಿಲ್ಲ, ದುಡಿಯುವುದಿಲ್ಲ, ಸುಮ್ಮನೆ ಹೊರಬೇಕು. ಸೊಂಟದ ಸುತ್ತ ಕೂತ ಕೊಬ್ಬೂ ಓಟದ ಮಟ್ಟಿಗೆ ಹಾಗೆಯೇ.

ನನಗೆ ವ್ಯತ್ಯಾಸ ಮೊದಲು ಗೊತ್ತಾದದ್ದು ಗಡಿಯಾರದಿಂದಲ್ಲ, ಕಿವಿಯಿಂದ. ಶುರುವಿನಲ್ಲಿ ಅವರು ಟ್ರ್ಯಾಕಿನಲ್ಲಿ ನನ್ನ ಪಕ್ಕ ಹಾದುಹೋಗುವಾಗ ಹೆಜ್ಜೆಯ ಸದ್ದು 'ಧಪ್ ಧಪ್' ಎಂದು ದೂರದಿಂದಲೇ ಕೇಳುತ್ತಿತ್ತು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲ ಕಾಲಿಗೆ ಮರಳಿಸುವ ಬಲ ದೇಹತೂಕದ ಎರಡರಿಂದ ಮೂರು ಪಟ್ಟು. 10 ಕಿ.ಮೀ.ಗೆ ಒಂಬತ್ತು-ಹತ್ತು ಸಾವಿರ ಹೆಜ್ಜೆ. ಐದು ಕೆಜಿ ಇಳಿದಾಗ ಪ್ರತಿ ಹೆಜ್ಜೆಯಲ್ಲೂ ಕಾಲಿನ ಮೇಲಿನ ಭಾರ ಹತ್ತು ಕೆಜಿಗೂ ಹೆಚ್ಚು ತಗ್ಗಿತು. ಹದಿನಾರನೇ ವಾರದಲ್ಲಿ ಅವರು ಹಿಂದಿನಿಂದ ಬಂದು ಹೆಗಲು ಮುಟ್ಟುವವರೆಗೂ ಬಂದದ್ದು ನನಗೆ ಗೊತ್ತಾಗಲಿಲ್ಲ.

ನೋಟ್‌ಬುಕ್ಕಿನ ಸಮಯದ ಕಾಲಂ ಮತ್ತೆ ತುಂಬತೊಡಗಿತು. ಪಕ್ಕದಲ್ಲಿ ಹೊಸದೊಂದು ಕಾಲಂ ಬಂತು: ದಿನದಿನದ ತೂಕ, ಒಂದು ದಶಮಾಂಶದವರೆಗೆ. ಅದನ್ನು ನೋಡಿಯೂ ನಾನು ಏನೂ ಹೇಳಲಿಲ್ಲ.

ಮುಂದಿನ ನಾಲ್ಕು

"ಸರ್, ಐದು ಕೆಜಿಗೆ ಮೂರು ನಿಮಿಷ ಬಂತು. ಇನ್ನೈದು ಇಳಿಸಿದ್ರೆ 45ಕ್ಕೆ ಬಂದೇ ಬರ್ತೀನಿ. ನಲವತ್ತರಲ್ಲಿ 66 ಇದ್ದೆನಲ್ಲ." ಗಣಿತ ಅವರ ಕಡೆಗಿತ್ತು. ಆ ಗಣಿತ ಕಲಿಸಿದವನು ನಾನೇ. ಆಗಲೇ ತಡೆದು, ಇಳಿದ ಐದು ಕೆಜಿಯಲ್ಲಿ ಕೊಬ್ಬೆಷ್ಟು ಸ್ನಾಯುವೆಷ್ಟು ನೋಡೋಣ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಟೈಮಿಂಗ್ ಸುಧಾರಿಸುತ್ತಿರುವಾಗ ತರಬೇತುದಾರನ ಕಣ್ಣೂ ಮಂಜಾಗುತ್ತದೆ.

ಆರು ವಾರದಲ್ಲಿ ನಾಲ್ಕು ಕೆಜಿ ಇಳಿಸಿದರು. ಮೊದಲಿನ ಎರಡು ಪಟ್ಟು ವೇಗ. ಓಟ ವಾರಕ್ಕೆ 60 ಕಿ.ಮೀ. ದಾಟಿತ್ತು. 67 ಕೆಜಿಯಲ್ಲಿ ಲೆಕ್ಕದ ಪ್ರಕಾರ 46 ನಿಮಿಷದೊಳಗೆ ಬರಬೇಕಾದವರು 48 ನಿಮಿಷ 40 ಸೆಕೆಂಡಿಗೆ ಬಂದರು. ನಾಲ್ಕು ಕೆಜಿ ಹಗುರ, ಮೂವತ್ತೈದು ಸೆಕೆಂಡ್ ನಿಧಾನ. ಎದೆಬಡಿತ ಏರಲೇ ಇಲ್ಲ ಎಂದರು. ಉಸಿರು ಕಟ್ಟಲಿಲ್ಲ, ಕಾಲೇ ತಳ್ಳಲಿಲ್ಲ ಎಂದರು.

ಈ ಕೊನೆಯ ಮಾತು ನನ್ನನ್ನು ಎಚ್ಚರಿಸಿತು. ಮರುದಿನ ಕರೆದು ಒಂದು ಸಣ್ಣ ಪರೀಕ್ಷೆ ಮಾಡಿಸಿದೆ. ಬರಿಗಾಲಲ್ಲಿ ಗೋಡೆಯ ಪಕ್ಕ ನಿಂತು, ಸಮತೋಲನಕ್ಕೆ ಎರಡು ಬೆರಳು ಮಾತ್ರ ಗೋಡೆಗೆ ತಾಗಿಸಿ, ಒಂದೇ ಕಾಲಿನ ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸುವುದು. ಬಲಗಾಲು 17. ಎಡಗಾಲಿನಲ್ಲಿ ಎಂಟರವರೆಗೆ ಸರಿಯಾಗಿ ಎತ್ತಿದರು. ಒಂಬತ್ತನೆಯದಕ್ಕೆ ಮೀನಖಂಡ ನಡುಗಿತು, ಹತ್ತನೆಯದಕ್ಕೆ ಹಿಮ್ಮಡಿ ಅರ್ಧಕ್ಕೇ ನಿಂತಿತು, ಗೋಡೆಯ ಮೇಲಿನ ಎರಡು ಬೆರಳು ಅಂಗೈಯಾಗಿತ್ತು. ಹನ್ನೊಂದಕ್ಕೆ ನಿಲ್ಲಿಸಿದೆ. ವಾರಕ್ಕೆ 60 ಕಿ.ಮೀ. ಓಡುವ ಮನುಷ್ಯನ ಕಾಲು ಅದು.

ಓಟದಲ್ಲಿ ದೇಹವನ್ನು ಮುಂದಕ್ಕೆ ತಳ್ಳುವ ಕೆಲಸದಲ್ಲಿ ಮೀನಖಂಡದ ಪಾಲು ದೊಡ್ಡದು, ವಯಸ್ಸಾಗುತ್ತ ಮೊದಲು ಸೋಲುವುದೂ ಅದೇ. ಹಿರಿಯ ಓಟಗಾರರ ಹೆಜ್ಜೆ ಚಿಕ್ಕದಾಗುವುದಕ್ಕೆ, ಗಂಡಸರಿಗೆ ಐವತ್ತರ ನಂತರ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜುವಿನ ಗಾಯ ಜಾಸ್ತಿಯಾಗುವುದಕ್ಕೆ ಇದಕ್ಕೂ ಸಂಬಂಧವಿದೆ. ಮೂವತ್ತರ ನಂತರ ಸ್ನಾಯು ಪ್ರತಿ ದಶಕಕ್ಕೆ ಶೇ. 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಹೆಚ್ಚು ಕರಗುವುದು ವೇಗ ಮತ್ತು ಬಲ ಕೊಡುವ ಎಳೆಗಳು. ನಿಧಾನ ಓಟ ಅವುಗಳನ್ನು ಕಾಪಾಡುವುದಿಲ್ಲ.

ಎರಡು ವಾರದಲ್ಲಿ ಎಡ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದು ನೋವು ಶುರುವಾಯಿತು. ಎಮ್ಮಾರೈ ಮಾಡಿಸಿದಾಗ ಎಲುಬು ಇನ್ನೂ ಸೀಳಿರಲಿಲ್ಲ, ಆದರೆ ಒತ್ತಡದ ಗಾಯ ಸ್ಪಷ್ಟವಾಗಿತ್ತು. ಅದರ ಜೊತೆಗೇ ದೇಹದಲ್ಲಿ ಕೊಬ್ಬೆಷ್ಟು, ಉಳಿದದ್ದೆಷ್ಟು ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಶುರುವಿನಲ್ಲೂ ಒಂದು ಮಾಡಿಸಿದ್ದೆವು, ಅದೊಂದು ಅದೃಷ್ಟ. 76 ಕೆಜಿ ಇದ್ದಾಗ ಕೊಬ್ಬು 19, ಉಳಿದದ್ದು 57. 67 ಕೆಜಿಯಲ್ಲಿ ಕೊಬ್ಬು 13, ಉಳಿದದ್ದು 54. ಇಳಿದ ಒಂಬತ್ತು ಕೆಜಿಯಲ್ಲಿ ಮೂರು ಕೆಜಿ ಕೊಬ್ಬಲ್ಲ. 71 ಕೆಜಿಯಲ್ಲಿ ಸ್ಕ್ಯಾನ್ ಇಲ್ಲದ್ದರಿಂದ ಯಾವ ಹಂತದಲ್ಲಿ ಎಷ್ಟು ಹೋಯಿತೆಂದು ಖಚಿತವಾಗಿ ಹೇಳಲಾರೆ. ಆದರೆ ಓಟದ ಸಮಯ, ಕಾಲಿನ ಬಲ, ಇಳಿಸಿದ ವೇಗ ಮೂರೂ ಎರಡನೇ ಹಂತದತ್ತಲೇ ಕೈತೋರಿಸುತ್ತವೆ.

ಒಂದು ವಿವರ ಸೇರಿಸಬೇಕು. ಡೆಕ್ಸಾ 'ಕೊಬ್ಬಲ್ಲದ ಭಾಗ' ಎನ್ನುವುದರಲ್ಲಿ ನೀರೂ ಸೇರಿದೆ, ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಕೂಡ ಸೇರಿದೆ. ಊಟ ಬಿಟ್ಟ ಓಟಗಾರನಲ್ಲಿ ಎರಡೂ ಬತ್ತಿರುತ್ತವೆ. ಹಾಗಾಗಿ ಮೂರು ಕೆಜಿಯೂ ಸ್ನಾಯುವೇ ಅಲ್ಲ. ಆದರೆ ಖಾಲಿ ಸ್ನಾಯುವೂ ಓಟದಲ್ಲಿ ಕೈಕೊಡುತ್ತದೆ.

ಊಟದ ಲೆಕ್ಕ ಕೇಳಿದೆ. ದಿನಕ್ಕೆ 1,700 ಕಿಲೋಕ್ಯಾಲೊರಿ, ಓಟಕ್ಕೆ ಸರಾಸರಿ 600 ಖರ್ಚು. ಉಳಿದ 1,100ರಲ್ಲಿ ಹೃದಯ, ಮಿದುಳು, ಎಲುಬು, ಹಾರ್ಮೋನು ಎಲ್ಲ ನಡೆಯಬೇಕು. ಕೊಬ್ಬಿಲ್ಲದ ಪ್ರತಿ ಕೆಜಿಗೆ 20 ಮಾತ್ರ. 30ಕ್ಕಿಂತ ಕೆಳಗಿಳಿದರೆ ದೇಹ ತನ್ನ ಅಗತ್ಯ ಕೆಲಸಗಳಿಗೇ ಕತ್ತರಿ ಹಾಕತೊಡಗುತ್ತದೆ ಎಂಬುದು ಯುವತಿಯರ ಮೇಲಿನ ಪ್ರಯೋಗಗಳಿಂದ ಬಂದ ಗೆರೆ. 56ರ ಗಂಡಸಿಗೆ ಅದೇ ಗೆರೆ ಎಂದು ಹೇಳಲಾಗದು, ಆದರೆ 20 ಯಾರಿಗೂ ಸಾಲದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಸಾಪೇಕ್ಷ ಕೊರತೆ) ಎಂದು ಹೆಸರಿಟ್ಟು, ಇದು ಹೆಣ್ಣುಮಕ್ಕಳ ತೊಂದರೆ ಮಾತ್ರವಲ್ಲ ಎಂದಿತು. ಬೇಗ ಚಳಿಯಾಗುವುದು, ನಡುರಾತ್ರಿ ಎಚ್ಚರ, ಸಣ್ಣ ಮಾತಿಗೂ ಸಿಡುಕು: ಎಲ್ಲವೂ ಎರಡು ತಿಂಗಳಿಂದ ಇದ್ದವಂತೆ. ವಯಸ್ಸು ಎಂದುಕೊಂಡು ಸುಮ್ಮನಿದ್ದರು. ಆ ಪದ ಎಷ್ಟನ್ನು ಮುಚ್ಚಿಡುತ್ತದೆ ನೋಡಿ.

ಎಡ್ ವಿಟ್ಲಾಕ್ ಅವರ ಹೆಸರು ಆಗ ಬಂತು, ಬಂದೇ ಬರುತ್ತದೆ. ಕೆನಡಾದ ಈ ಓಟಗಾರರು 2004ರಲ್ಲಿ 73ನೇ ವಯಸ್ಸಿನಲ್ಲಿ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ, 2016ರಲ್ಲಿ 85ನೇ ವಯಸ್ಸಿನಲ್ಲಿ 3:56:34ರಲ್ಲಿ ಓಡಿದರು. ತೀರಾ ತೆಳುವಾದ ಮೈ. ಭಾರ ಎತ್ತುವ ವ್ಯಾಯಾಮ ಅವರಿಗೆ ಬೇಕಿರಲಿಲ್ಲ, ದಿನಕ್ಕೆ ಎರಡು-ಮೂರು ಗಂಟೆ ಓಡುತ್ತಿದ್ದರು. "ಅವರು ಅಷ್ಟು ತೆಳ್ಳಗಿದ್ದೇ ಓಡಿದರಲ್ಲ ಸರ್?" ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ವಿಟ್ಲಾಕ್ ತೆಳ್ಳಗೆ ಆದವರಲ್ಲ, ತೆಳ್ಳಗೆ ಉಳಿದವರು. ಆ ಮೈ ಅಷ್ಟೇ ತೂಕ ಹೊತ್ತು ಅಷ್ಟೇ ದೂರ ಓಡಲು ಬಹಳ ವರ್ಷದಿಂದ ಒಗ್ಗಿಕೊಂಡಿತ್ತು. ಹತ್ತು ಕೆಜಿ ಏರಿಸಿ, ಅದರ ಕೆಳಗೆ ಸ್ನಾಯು ಕರಗಿಸಿಕೊಂಡು, ಆಮೇಲೆ ಅರ್ಧ ವರ್ಷದಲ್ಲಿ ಒಂಬತ್ತು ಕೆಜಿ ಇಳಿಸಿದ ಮೈ ಬೇರೆ. ನಲವತ್ತರ 66 ಕೆಜಿ ಮತ್ತು ಐವತ್ತಾರರ 67 ಕೆಜಿ ಯಂತ್ರದ ಮೇಲೆ ಅಕ್ಕಪಕ್ಕದ ಅಂಕಿಗಳು, ಅಷ್ಟೇ.

ಮರಳಿ ಕಟ್ಟಿದ್ದು

ಎಂಟು ವಾರ ಓಟ ಬಂದ್. ಸೈಕಲ್ಲು, ಈಜು ಮಾತ್ರ. ತೂಕ ನೋಡುವುದನ್ನು ವಾರಕ್ಕೊಂದು ಸಲಕ್ಕೆ ಇಳಿಸಿದೆವು. ಅದು ಅವರಿಗೆ ಓಟ ಬಿಟ್ಟದ್ದಕ್ಕಿಂತ ಕಷ್ಟವಾಯಿತು.

ಊಟದಲ್ಲಿ ಮೊದಲು ಹಸಿವಿಗೆ ತಕ್ಕಷ್ಟು ತಿನ್ನುವಂತಾಗಬೇಕಿತ್ತು. ಪ್ರೋಟೀನ್ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ಯುವಕರ ಸ್ನಾಯು ಸಣ್ಣ ಪ್ರಮಾಣದ ಪ್ರೋಟೀನಿಗೂ ಎಚ್ಚೆತ್ತುಕೊಳ್ಳುತ್ತದೆ, ವಯಸ್ಸಾದ ಸ್ನಾಯುವಿಗೆ ಕೂಗು ಜೋರಾಗಿರಬೇಕು. ಒಂದು ಹೊತ್ತಿಗೆ ಯುವಕರಿಗೆ ದೇಹತೂಕದ ಪ್ರತಿ ಕೆಜಿಗೆ ಕಾಲು ಗ್ರಾಂ ಸಾಕಾದರೆ, ಹಿರಿಯರಿಗೆ 0.4 ಗ್ರಾಂ ಬೇಕಾಗುತ್ತದೆ. ಇವರಿಗೆ ಹೊತ್ತಿಗೆ 27 ಗ್ರಾಂನಂತೆ ನಾಲ್ಕು ಹೊತ್ತು, ದಿನಕ್ಕೆ ಸುಮಾರು 110 ಗ್ರಾಂ ಆಯಿತು. ಅಷ್ಟು ದಿನ ಅವರ ದಿನದ ಪ್ರೋಟೀನಿನ ಬಹುಪಾಲು ರಾತ್ರಿಯ ಒಂದೇ ಊಟದಲ್ಲಿ ಸೇರುತ್ತಿತ್ತು.

ವಾರಕ್ಕೆ ಎರಡು ದಿನ ಭಾರದ ವ್ಯಾಯಾಮ. ಹಗುರ ಭಾರವನ್ನು ಮೂವತ್ತು ಸಲ ಎತ್ತುವುದಲ್ಲ, ಆರೆಂಟು ಸಲಕ್ಕೆ ಸುಸ್ತಾಗುವಷ್ಟು ಭಾರ. ಸ್ಕ್ವಾಟ್, ಡೆಡ್‌ಲಿಫ್ಟ್, ನಿಂತು ಮತ್ತು ಕೂತು ಹಿಮ್ಮಡಿ ಎತ್ತುವುದು. ಕೂತು ಮಾಡುವುದನ್ನು ಯಾರೂ ಮಾಡುವುದಿಲ್ಲ, ಆದರೆ ಮಂಡಿ ಮಡಚಿದಾಗ ದುಡಿಯುವ, ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವೇ ಓಟದಲ್ಲಿ ಅತಿ ಹೆಚ್ಚು ಹೊರೆ ಹೊರುವುದು. ಎಲುಬು ವಾಸಿಯಾಗಿ ಓಟ ಮರಳಿದ ಮೇಲೆ ವಾರಕ್ಕೊಮ್ಮೆ ಏರುದಾರಿಯಲ್ಲಿ ಎಂಟು ಸೆಕೆಂಡಿನ ಜೋರು ಓಟ, ನಡುವೆ ಪೂರ್ತಿ ವಿಶ್ರಾಂತಿ. ಮೊದಲ ದಿನ ನಾಲ್ಕು, ಮೂರು ತಿಂಗಳಲ್ಲಿ ಹತ್ತು. ವಾರದ ದೂರ 50 ಕಿ.ಮೀ.ಗೆ ನಿಂತಿತು, ಅದಕ್ಕಿಂತ ಹೆಚ್ಚಿಸಲಿಲ್ಲ.

ತೂಕ ಏರಿದಾಗ ಅವರು ಹೆದರಿದರು. 67.5, 68.2, 69. ಪ್ರತಿ ಸಲ ನನಗೆ ಫೋನು. ಹಿಮ್ಮಡಿ ಎಷ್ಟು ಎತ್ತಿದಿರಿ ಎಂದು ನಾನು ಕೇಳುತ್ತಿದ್ದೆ. 14, 16, 19 ಎನ್ನುತ್ತಿದ್ದರು. ಇಷ್ಟೇ ಸಂಭಾಷಣೆ, ಹಲವು ತಿಂಗಳು.

ಶುರುವಾದಲ್ಲಿಂದ ಹದಿನೆಂಟನೇ ತಿಂಗಳು ಮೂರನೇ ಸ್ಕ್ಯಾನ್: 69 ಕೆಜಿ. ಕೊಬ್ಬು 12.7, ಉಳಿದದ್ದು 56.3. ಕೊಬ್ಬು ಇನ್ನಷ್ಟು ಇಳಿದಿತ್ತು, ಕಳೆದುಕೊಂಡಿದ್ದ ಮೂರು ಕೆಜಿಯಲ್ಲಿ ಎರಡೂ ಕಾಲು ಕೆಜಿ ಮರಳಿ ಬಂದಿತ್ತು. ಅದರಲ್ಲಿ ಒಂದಿಷ್ಟು ನೀರು, ಗ್ಲೈಕೋಜೆನ್. ಉಳಿದದ್ದು ದುಡಿಯುವ ಸ್ನಾಯು. ಅದೇ ತಿಂಗಳು ಓಡಿದ 10 ಕಿ.ಮೀ.: 46 ನಿಮಿಷ 10 ಸೆಕೆಂಡ್. 67 ಕೆಜಿಯಲ್ಲಿ ಓಡಿದ್ದಕ್ಕಿಂತ ಎರಡೂವರೆ ನಿಮಿಷ ಬೇಗ, ಎರಡು ಕೆಜಿ ಹೆಚ್ಚು ಹೊತ್ತು. ಬರೀ ತೂಕದ ಲೆಕ್ಕ ಹಿಡಿದರೆ 47ರ ಹತ್ತಿರ ಬರಬೇಕಿತ್ತು.

ತೂಕದ ಗಣಿತ ಸುಳ್ಳಾಯಿತೇ? ಇಲ್ಲ. 76ರಿಂದ 71ಕ್ಕೆ ಬರುವಾಗ ಅದು ಹೆಚ್ಚುಕಡಿಮೆ ಸೆಕೆಂಡಿಗೆ ಸೆಕೆಂಡ್ ಸರಿಹೋಗಿತ್ತು. ಭಾಗಿಸುವ ಸಂಖ್ಯೆ ಇಳಿಯುವಾಗ ಭಾಗಿಸಲ್ಪಡುವ ಸಂಖ್ಯೆ ಅಲ್ಲಾಡಬಾರದು ಎಂಬ ಷರತ್ತು ಆ ಗಣಿತದೊಳಗೇ ಇದೆ. ಮೂವತ್ತರ ಓಟಗಾರನಲ್ಲಿ ಆ ಷರತ್ತು ಸುಲಭವಾಗಿ ಪಾಲನೆಯಾಗುತ್ತದೆ, ಐವತ್ತೈದರಲ್ಲಿ ಅದನ್ನು ದುಡಿದು ಕಾಪಾಡಬೇಕು. ಹಾಗಾಗಿ ಈಗ ಯಾರೇ ಹಿರಿಯ ಓಟಗಾರರು ತೂಕ ಇಳಿಸುತ್ತೇನೆ ಎಂದರೂ ನಾನು ಮೊದಲು ಭಾರದ ವ್ಯಾಯಾಮ ಶುರುಮಾಡಿಸುತ್ತೇನೆ, ತಿಂಗಳಾದ ಮೇಲೆ ಊಟಕ್ಕೆ ಕೈಹಾಕುತ್ತೇನೆ. ವಾರಕ್ಕೆ 300 ಗ್ರಾಂಗಿಂತ ವೇಗವಾಗಿ ಇಳಿಯಲು ಬಿಡುವುದಿಲ್ಲ. ಓಟದ ಸ್ಪರ್ಧೆಗೆ ಹತ್ತು ವಾರ ಉಳಿದಾಗ ಇಳಿಸುವುದನ್ನು ನಿಲ್ಲಿಸುತ್ತೇನೆ. ಇವು ನನ್ನ ಅನುಭವದ ಮಿತಿಗಳು, ಪ್ರಯೋಗಾಲಯದವಲ್ಲ.

ಇದು ಒಬ್ಬ ಗಂಡಸಿನ ಪ್ರಕರಣ. ಮುಟ್ಟು ನಿಲ್ಲುವ ಹೊತ್ತಿನ ಹೆಣ್ಣುಮಕ್ಕಳಲ್ಲಿ ಈಸ್ಟ್ರೋಜೆನ್ ಇಳಿದು ಎಲುಬಿನ ಸಾಂದ್ರತೆ ಕೆಲವೇ ವರ್ಷಗಳಲ್ಲಿ ವೇಗವಾಗಿ ಕುಸಿಯುತ್ತದೆ, ಕೊಬ್ಬು ಹೊಟ್ಟೆಯ ಕಡೆಗೆ ಸರಿಯುತ್ತದೆ. ಇಳಿಸಬೇಕೆಂಬ ಆಸೆ ಹೆಚ್ಚುವುದೂ ಆಗಲೇ, ಇಳಿಸುವುದು ಹೆಚ್ಚು ಅಪಾಯವಾಗುವುದೂ ಆಗಲೇ. ಎಲುಬಿನ ಸ್ಕ್ಯಾನ್ ಇಲ್ಲದೆ ಅವರಿಗೆ ಊಟ ಕಡಿಮೆ ಮಾಡಲು ನಾನು ಹೇಳುವುದಿಲ್ಲ. ಎಪ್ಪತ್ತು ದಾಟಿದವರಲ್ಲಿ ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ಸುದ್ದಿಯಲ್ಲ, ತಡಮಾಡದೆ ವೈದ್ಯರನ್ನು ಕಾಣಬೇಕು.

ನಮ್ಮ ಓಟಗಾರರಿಗೆ ಈಗ 57. ಮೊನ್ನೆ ಮತ್ತೆ ಕೇಳಿದರು: "66ಕ್ಕೆ ಹೋಗೋದು ಬೇಡವೇ ಬೇಡವಾ ಸರ್?" ಬೇಡ ಎಂದು ನಾನು ಹೇಳಲಿಲ್ಲ. ಅವರ ಮೈಮೇಲೆ ಇನ್ನೂ ಒಂದೆರಡು ಕೆಜಿ ಕೊಬ್ಬು ಹೋಗಬಹುದು. ಎಡಗಾಲು, ಬಲಗಾಲು ಎರಡೂ 25 ದಾಟಿದ ಮೇಲೆ, ಚಳಿಗಾಲದ ಸ್ಪರ್ಧೆಗಳು ಮುಗಿದ ಮೇಲೆ, ನಿಧಾನವಾಗಿ ನೋಡೋಣ ಎಂದೆ. ನೋಟ್‌ಬುಕ್ಕಿನಲ್ಲಿ ತೂಕದ ಕಾಲಂ ಈಗ ವಾರಕ್ಕೊಮ್ಮೆ ತುಂಬುತ್ತದೆ, ಅದರ ಪಕ್ಕ ಹಿಮ್ಮಡಿಯ ಎರಡು ಕಾಲಂ. ಕಳೆದ ಭಾನುವಾರದ ಸಾಲಿನಲ್ಲಿ ಬಲ 24, ಎಡ 22.